ಬಾಯಿಂದ ಕಿವಿಗೆ

ಹೊಲಿಗೆ ಫ್ಯಾಕ್ಟರಿ ಮಾಲೀಕರ ತಾಯಿಯ ಕಿವಿ ಮಿಷಿನ್ನು ಕೆಟ್ಟಿತ್ತು. ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಅವರ ಡ್ರೈವರು ಕಿವಿ ಡಾಕ್ಟರ ಕ್ಲಿನಿಕ್ಕಿನ ಬೆಂಚಿನಲ್ಲಿ, ಮುಖದ ಮೇಲೆ ಟೋಪಿ ಎಳೆದುಕೊಂಡು ತೂಕಡಿಸುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಬಳಿಗೆ ಅವಳ ತಂಗಿಯ ಮಗಳು ಏದುಸಿರು ಬಿಡುತ್ತಾ ಬಂದಳು.

"ಫೋನ್ ಗ್ರೂಪಲ್ಲಿ ಹಾಕಿದ್ರೆ ಸಾಕಿತ್ತು ದೊಡ್ಡಮ್ಮ. ಎರಡು ಬಸ್ಸು ಬದಲಾಯಿಸಿ ಬಂದೆ."

"ಗ್ರೂಪಲ್ಲಿ ಹಾಕಿದ್ದು ಮಾಲೀಕರಿಗೆ ಮುಟ್ಟುತ್ತೆ. ಹೋದ ಸಲ ಮೂರು ಜನರ ಕೆಲಸ ಹೋಯ್ತಲ್ಲ. ಸಂಘದ ಮಾತು ಬಾಯಿಂದ ಕಿವಿಗೆ, ಅಷ್ಟೇ. ಹೇಳು."

ಹುಡುಗಿ ಬಗ್ಗಿ ಪಿಸುಗುಟ್ಟಿದಳು.

"ಆ ಕಿವಿ ಪೂರ್ತಿ ಕಟ್ಟಿದೆ ಕಣೇ. ಈ ಕಡೆ ಬಾ. ಸ್ವಲ್ಪ ಗಟ್ಟಿಯಾಗಿ."

"ಭಾನುವಾರ ಮೀಟಿಂಗು."

"ಇನ್ನೂ ಗಟ್ಟಿಯಾಗಿ."

"ಭಾನುವಾರ! ಇಸ್ತ್ರಿ ಅಂಗಡಿ ಮಹಡಿ ಮೇಲೆ!"

ಚೀಟಿ ಬರೆಯುತ್ತಿದ್ದ ನರ್ಸು ಕೈ ನಿಲ್ಲಿಸಿದಳು. ಡ್ರೈವರನ ನಿದ್ದೆ ಹಾರಿಹೋಯಿತು. ಟೋಪಿ ಮಾತ್ರ ಅಲುಗಲಿಲ್ಲ.

"ಸೋಮವಾರದಿಂದ ಹೊಲಿಗೆ ಮಿಷಿನ್ ನಿಲ್ಲಿಸೋದು ತಾನೆ?"

"ಹೂಂ ದೊಡ್ಡಮ್ಮ, ಎಲ್ಲಾ ಲೈನೂ!"

"ನೋಡಿದ್ಯಾ? ಒಂದು ನರಪಿಳ್ಳೆಗೂ ಗೊತ್ತಾಗ್ಲಿಲ್ಲ."

ನರ್ಸು ದೊಡ್ಡಮ್ಮನನ್ನು ಕರೆದಳು. ಎದ್ದ ಹುಡುಗಿಯ ಚೀಲ ತಗುಲಿ ಡ್ರೈವರನ ಟೋಪಿ ಬಿತ್ತು. ಅವಳು ಟೋಪಿ ಎತ್ತಿಕೊಡುತ್ತಾ ಅವನ ಮುಖ ನೋಡಿದಳು.

"ಅಣ್ಣಾ, ನೀವು ಮಾಲೀಕರ ಕಾರು ಓಡಿಸೋರಲ್ವಾ? ಎಲ್ಲಾ ಕೇಳಿಸ್ಕೊಂಡ್ರಾ?"

ಡ್ರೈವರು ಡಬ್ಬಿ ತೆರೆದು, ಕೆಟ್ಟ ಮಿಷಿನ್ನನ್ನು ನಿಧಾನವಾಗಿ ತನ್ನ ಕಿವಿಗೆ ಸಿಕ್ಕಿಸಿಕೊಂಡ.

"ಏನಂದೆ ತಾಯಿ? ಸ್ವಲ್ಪ ಗಟ್ಟಿಯಾಗಿ ಹೇಳು."

"ಪಾಪ," ಎನ್ನುತ್ತಾ ದೊಡ್ಡಮ್ಮ ಹುಡುಗಿಯನ್ನು ಒಳಕ್ಕೆ ಎಳೆದುಕೊಂಡು ಹೋದಳು. "ಇವರದ್ದು ನನಗಿಂತ ಜಾಸ್ತಿಯಾಗಿದೆ."