ಹಲಗೆ ಗೋಡೆಗೊಂದು ಕಿಂಡಿ

ಟಿಕೆಟ್ ಕೊಟ್ಟು ಮುಗಿದಿತ್ತು. ಕಂಬಕ್ಕೆ ಒರಗಿ ನಿಂತ ಕಂಡಕ್ಟರನ ಕಿವಿಗೆ ಬೇರೆ ಕೆಲಸವಿರಲಿಲ್ಲ. ಮುಂದಿನ ಸೀಟಿನ ಅಕ್ಕತಂಗಿಯರೋ, ಬಸ್ಸಿನ ಸದ್ದನ್ನೂ ಮೀರಿಸಿ ಮಾತಾಡುತ್ತಿದ್ದರು.

"ಪಕ್ಕದ ಸೈಟಲ್ಲಿ ಬಂಡೆ ಒಡೆಯೋ ಮೆಷಿನ್ ಇನ್ನೂ ಬಡೀತಿದೆಯಾ ಅಕ್ಕ?"

"ಹೂಂ ಕಣೇ. ಬಾಣಂತಿ ಮಗಳಿಗೂ ನಿದ್ದೆಯಿಲ್ಲ, ಮಗೂಗೂ ಇಲ್ಲ."

"ಭಾವ ಕಾಂಪೌಂಡ್ ಮೇಲೆ ದಪ್ಪ ಹಲಗೆ ಹೊಡೆಸಿದ್ರಲ್ಲ?"

"ಕಿಟಕಿಗಿಂತ ಎತ್ತರಕ್ಕೇ ಹೊಡೆಸಿದ್ರು. ಮೆಷಿನ್ ಕಣ್ಣಿಗೆ ಬೀಳದಿದ್ರೆ ಸದ್ದೂ ಇಳಿಯುತ್ತೆ ಅಂತ ನಮಗೆಲ್ಲ ಪಾಠ ಬೇರೆ."

"ಇಳೀತಾ?"

"ಎಲ್ಲಿ ಇಳಿಯುತ್ತೆ? ಮೆಷಿನ್ ಕಾಣಲ್ಲ ಅಂತ ಇವರಿಗೇ ಬೇಜಾರಾಯ್ತು. ನೋಡೋಕೆ ಅಂತ ಹಲಗೆಗೆ ಒಂದು ಕಿಂಡಿ ಕೊರೆದ್ರು!"

"ಅಯ್ಯೋ! ಎಷ್ಟು ದೊಡ್ಡದು?"

"ಮೊದಲು ಒಂದು ಕಣ್ಣಿಗೆ ಸಾಕಾಗೋವಷ್ಟು. ಆಮೇಲೆ ಪಕ್ಕದ ಮನೆಯವರೂ ನೋಡೋಕೆ ಬಂದ್ರು, ತಲೆ ತೂರೋವಷ್ಟಾಯ್ತು. ಸದ್ದಿಗೆ ಇನ್ನೇನು ಬೇಕು? ನೀರಿನ ಹಾಗೆ, ಸಂದು ಸಿಕ್ಕಲ್ಲೆಲ್ಲ ನುಗ್ಗುತ್ತೆ."

"ಮುಚ್ಚಬಾರದಿತ್ತಾ?"

"ನಿನ್ನೆ ನಾನೇ ಮೊಳೆ ಹೊಡೆದು ಮುಚ್ಚಿದೆ. ಮನೆ ತಣ್ಣಗಾಯ್ತು. ಮಧ್ಯಾಹ್ನ ಮಗು ಮಲಗೇಬಿಡ್ತು."

"ಭಾವ ಸುಮ್ಮನಿದ್ರಾ?"

"ಕುರ್ಚಿ ಎತ್ಕೊಂಡು ಸೈಟಿಗೇ ಹೋದ್ರು. ಮೆಷಿನ್ ಪಕ್ಕದಲ್ಲೇ ಮೂರು ಗಂಟೆ ಕೂತಿದ್ರು."

ಅವರಿಳಿಯುವ ಸ್ಟಾಪ್ ಬಂತು. ತಂಗಿ ಬ್ಯಾಗು ಎತ್ತಿಕೊಂಡಳು. ಕಂಡಕ್ಟರ್ ಸೀಟಿ ತುಟಿಗಿಟ್ಟವನು ಊದದೆ ಕಾದ.

"ಆಮೇಲೆ?" ಎಂದಳು ತಂಗಿ, ಮೆಟ್ಟಿಲಿಳಿಯುತ್ತ.

"ಆಮೇಲೇನು? ಕಿವಿ ಗುಂಯ್ ಅನ್ನಿಸ್ಕೊಂಡು ಮನೆಗೆ ಬಂದ್ರು. ತೊಟ್ಟಿಲ ಹತ್ತಿರ ನಿಂತು, ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ರು, 'ಮಗು ಮಲಗಿದೆಯಾ?' ಅಂತ."

ಕಂಡಕ್ಟರ್ ಸೀಟಿಯನ್ನು ಬಲು ಮೆಲ್ಲಗೆ ಊದಿದ.