ಇಂಜಿನಿಯರ್ ಕೆಲಸ ಬಿಟ್ಟದ್ದು

ಹುನಗುಂದದ ಬಸ್ ನಿಲ್ದಾಣದಲ್ಲಿ ಕೂತಿದ್ದ ರೋಹಿಣಿಯ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಮುದುಕ ಮಾಸ್ತರರೊಬ್ಬರು ತಮ್ಮ ಹಳೆಯ ವಿದ್ಯಾರ್ಥಿನಿಯನ್ನು ಕೇಳುತ್ತಿದ್ದರು.

“ಫರಹಾನಾ, ಇಂಜಿನಿಯರ್ ಕೆಲಸ ಯಾಕ ಬಿಟ್ಟಿ?”

“ಒಂಬತ್ತ ವರ್ಷ ಆತ್ರಿ ಸರ್. ಈಗ ಕಸ್ಟಮರ್ ವಿಭಾಗಕ್ಕ ಹೆಡ್ ಅದೀನ್ರಿ. ಗಿರಾಕಿಗಳ ತ್ರಾಸ ಕೇಳೂ ಕೆಲಸ.”

“ಮಷಿನ್ ಮಾಡೂದು ಬ್ಯಾಸರಾತೇನು?”

“ಇಲ್ರಿ. ಕೂಸುಗಳ್ನ ಬೆಚ್ಚಗ ಇಡೂ, ನಾ ಮಾಡಿದ್ದ ಮಷಿನ್ ಒಂದು ದವಾಖಾನ್ಯಾಗ ಕೆಟ್ಟಿತ್ತು. ನರ್ಸ್ ಮುಂಜಾನಿಂದ ಕಂಪನಿಗೆ ಫೋನ್ ಹಚ್ಚಿದ್ಲು. ಯಾರೂ ಎತ್ತಲಿಲ್ಲ. ಮಧ್ಯಾಹ್ನ ಕೂಸು ಹೋತು. ಮರುದಿನಾನ ಈ ಕೆಲಸ ಕೇಳಿ ತಗೊಂಡೆ.”

“ಆ ತಾಯಿ?”

“ಇಳಕಲ್ಲಾಗ ಅದಾಳ್ರಿ. ಪ್ರತಿ ವರ್ಷ ಆಕಿ ಮನಿಗೆ ಹೋಗ್ತೇನಿ, ಇವತ್ತೂ ಹೊಂಟೇನಿ. ಬಾಗಿಲಾ ತಗಿಯಂಗಿಲ್ಲ.”

“ಇವತ್ತ ತಗದ್ರ ಏನಂತಿ?”

“ನಾ ಏನೂ ಅನ್ನೂದಿಲ್ರಿ. ಆಕಿ ಏನಂದ್ರೂ ಕೇಳ್ತೇನಿ.”

ಇಳಕಲ್ ಬಸ್ಸು ಬಂತು. ಫರಹಾನಾ ಹತ್ತಿ ಹೋದಳು. ಬೇರೆಯವರ ನೋವನ್ನು ಕದ್ದು ಕೇಳಿದಂತಾಗಿ, ಮಾಸ್ತರರ ಮುಖ ನೋಡಲಾರದೆ ರೋಹಿಣಿ ತಲೆ ತಗ್ಗಿಸಿದಳು.