ಹೆಂಚು ಹೊದ್ದ ಸೇತುವೆ

ಪದ್ಮಪ್ರಸಾದ್ ಅವರ ಮಡದಿ ಕಾಂಚನಮಾಲಾ ಅಮ್ಮನವರೇ, ಮಗಳು ಜಿನಶ್ರೀ, ಮಾದಿಹಳ್ಳಿಯ ಹಿರಿಯರೇ, ಹಳ್ಳದ ಆಚೆ ದಡದಿಂದ ಬಂದಿರುವ ಬಂಧುಗಳೇ — ನಮಸ್ಕಾರ.

ಪದ್ಮಪ್ರಸಾದ್ ಅವರೂ ನಾನೂ ಬೇಲೂರಿನ ಒಂದೇ ಕಚೇರಿಯಲ್ಲಿ ಎಂಜಿನಿಯರುಗಳಾಗಿದ್ದೆವು. ಎದುರುಬದುರು ಮೇಜು. ದುಃಖವನ್ನು ದೊಡ್ಡದಾಗಿ ಹೇಳುವುದು ಅವರಿಗೆ ಹಿಡಿಸುತ್ತಿರಲಿಲ್ಲ. ನನಗೆ ಬರುವುದೂ ಇಲ್ಲ. ಹಾಗಾಗಿ — ಸೇತುವೆಯ ಮಾತಾಡುತ್ತೇನೆ.

ಈ ಹಳ್ಳಕ್ಕೆ ಹಿಂದೆ ಎರಡು ಮರದ ಸೇತುವೆಗಳಿದ್ದವು. ಎರಡೂ ಮಳೆಗೆ ನೆನೆದು, ಬಿಸಿಲಿಗೆ ಬಿರಿದು, ಕೊಳೆತು ಹೋದವು. ಕಲ್ಲುಕಂಬಗಳು ಉಳಿದವು. ನಿವೃತ್ತರಾದ ಮರುವರ್ಷ ಪದ್ಮಪ್ರಸಾದ್ ಆ ಕಂಬಗಳ ಮೇಲೆಯೇ ಮತ್ತಿ ಮರದ ತೊಲೆ ಕೂರಿಸಿದರು, ಹಲಗೆ ಹಾಸಿದರು. ಮೇಲೆ ಹೆಂಚಿನ ಚಾವಣಿ ಹಾಕಲು ಹೊರಟರು. ಚಾವಣಿ ಇದ್ದರೆ ಮರ ಉಳಿಯುತ್ತದೆ, ಮರ ಉಳಿದರೆ ಸೇತುವೆ — ಅಷ್ಟೇ ಅವರ ವಾದ.

ಊರು ತಡೆಯಿತು. ಸ್ಮಶಾನ ಇರುವುದು ಆಚೆ ದಡದಲ್ಲಿ. ಈ ಚಿಕ್ಕಣ್ಣನವರೇ — ಇಲ್ಲೇ ಮುಂದೆ ಕೂತಿದ್ದಾರೆ, ತಲೆ ತಗ್ಗಿಸಬೇಡಿ — ಅಂದು ಊರ ಸಭೆಯಲ್ಲಿ ಎದ್ದು ನಿಂತರು. “ಸೂರು ಹೊದ್ಸುದ್ ಮ್ಯಾಲೆ ಅದು ಮನೆ ಆಯ್ತು ಕಣ್ರೀ. ಮನೆ ಒಳಗ್ಲಿಂದ ಊರ್ನೋರ್ ಹೆಣ ಹೊತ್ಕಂಡ್ ಹೋಗಾಕಾಯ್ತದಾ?”

ಆಚೆ ದಡದ ಡೈರಿಗೆ ಹೊರಟಿದ್ದ ಸುವರ್ಣಮ್ಮ ಹಾಲಿನ ಕ್ಯಾನು ಕೆಳಗಿಟ್ಟರು. “ಹೆಣ ಯಾವತ್ತೋ ಒಂದಿನ ಹೋಯ್ತದೆ ಕಣೋ ಚಿಕ್ಕಣ್ಣ. ಡೈರಿಗೆ ಹಾಲು ದಿನಾ ಹೋಗ್ಬೇಕು!”

ಎಲ್ಲರೂ ನಕ್ಕರು. ಚಿಕ್ಕಣ್ಣ ಬಗ್ಗಲಿಲ್ಲ. ಪದ್ಮಪ್ರಸಾದ್ ಮೆಲ್ಲಗೆ ಕೇಳಿದರು: “ಮೇಲೆ ಆಕಾಶ ಕಂಡ್ರೆ ಅದು ಮನೆ ಅಲ್ಲ ತಾನೆ?”

“ಅಂಗಾದ್ರೆ ಅಡ್ಡಿಲ್ಲ.”

ನಡುಗಂಬದ ಮೇಲೆ — ಹೀಗೆ, ಒಂದು ಮಾರು — ಚಾವಣಿಯನ್ನು ತೆರೆದು ಬಿಟ್ಟರು. ಅದರ ಕೆಳಗೆ ಹಲಗೆಯ ಬದಲು ಕಲ್ಲುಚಪ್ಪಡಿ. ಮಳೆ ಅಲ್ಲಿ ಬೀಳುತ್ತದೆ, ಹಳ್ಳಕ್ಕೆ ಇಳಿಯುತ್ತದೆ.

ನಾನು ಕೇಳಿದೆ: “ಬೇಕಂತಲೇ ಸೋರೋ ಚಾವಣಿ ಯಾರಾದ್ರೂ ಕಟ್ತಾರೇನ್ರೀ?”

“ಸೋರ್ಲಿ ಬಿಡ್ರೀ. ಎಲ್ಲರೂ ದಾಟ್ತಾರಲ್ಲ.”

ಆ ನಂಬಿಕೆ ಅವರದಾಗಿರಲಿಲ್ಲ. ಆದರೂ ಗಾಳಿಯ ಹಾಗೆ, ನೀರಿನ ಹಾಗೆ, ಸೇತುವೆ ಹೊರಬೇಕಾದ ಭಾರಗಳಲ್ಲಿ ಅದನ್ನೂ ಸೇರಿಸಿಕೊಂಡರು. ನಾನು ಇದನ್ನು ಇಂದಿಗೂ ಯೋಚಿಸುತ್ತೇನೆ.

ಪ್ರತಿ ವರ್ಷ ಮಳೆಗೆ ಮುಂಚೆ ತಾವೇ ಏಣಿ ಹತ್ತಿ ಹೆಂಚು ಕೈಯಾಡಿಸುತ್ತಿದ್ದರು — ಜರುಗಿದ್ದನ್ನು ಸರಿಸಿ, ಒಡೆದದ್ದನ್ನು ಬದಲಿಸಿ. ಈ ವರ್ಷ ಅದಕ್ಕೆ ಮೊದಲೇ ಹೋದರು. ನಿನ್ನೆ ಅಮ್ಮನವರು ನನ್ನನ್ನು ಕೇಳಿದ್ದು ಒಂದೇ ಮಾತು. “ಈ ಸೇತುವೇನೂ ಕೊಳೆತು ಹೋಗುತ್ತಾ? ಇನ್ನು ಮೇಲೆ ಹತ್ತೋರು ಯಾರಿದಾರೆ?”



ಇವತ್ತು ಬೆಳಿಗ್ಗೆ ಸೇತುವೆಯ ಹತ್ತಿರ ಬಂದೆ. ಚಾವಣಿಯ ಮೇಲೆ ಚಿಕ್ಕಣ್ಣ. ಕೆಳಗಿನಿಂದ ಹೆಂಚು ಎತ್ತಿ ಕೊಡುತ್ತಿದ್ದವರು ಸುವರ್ಣಮ್ಮ. ಇನ್ನೂ ಹಲವರು ಸಾಲಾಗಿ ನಿಂತಿದ್ದರು. “ಸಭೆ ಇದೆಯಲ್ಲಪ್ಪ, ಇವತ್ತೇ ಯಾಕೆ?” ಎಂದೆ. ಚಿಕ್ಕಣ್ಣ ಮೇಲಿನಿಂದಲೇ ಗದರಿದರು: “ಮಳೆ ಏನು ನಿಮ್ ಭಾಸಣ ಮುಗೀಲಿ ಅಂತ ಕಾಯ್ತದಾ ಸಾ?”

ಅಮ್ಮಾ — ಸೇತುವೆ ನಿಲ್ಲುತ್ತದೆ.

ನನ್ನ ಮಾತು ಸಾಕು. ಎಲ್ಲರೂ ಏಳಿ. ಕೈಗೆ ಹೆಂಚಿನ ಧೂಳು ಮೆತ್ತಿರುವವರು ಒರೆಸಿಕೊಳ್ಳಬೇಕಿಲ್ಲ, ಹಾಗೆಯೇ ನಿಲ್ಲಿ. ಪದ್ಮಪ್ರಸಾದ್ ಅವರಿಗಾಗಿ — ಸ್ವಲ್ಪ ಹೊತ್ತು — ಮೌನವಾಗಿರೋಣ.